ಟ್ಯಾಂಕಿನಲ್ಲಿ ಕಬ್ಬು, ಡಬ್ಬಿಯಲ್ಲಿ ಹಳೆಯ ಲೆಕ್ಕ

ಹಿಡಕಲ್ ಡ್ಯಾಮಿನ ನೀರು ಕುಡಿದು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಬೆಳೆಯುವ ಕಬ್ಬು ಸಕ್ಕರೆಯಾಗಿ ಚಹಾಕ್ಕೆ ಬೀಳುವುದು ಹಳೆಯ ಮಾತು. ಈಗ ಅದು ಎಥನಾಲ್ ಆಗಿ ಕಾರಿನ ಟ್ಯಾಂಕನ್ನೂ ಸೇರುತ್ತಿದೆ. ರಾಜ್ಯದಲ್ಲೇ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಬೆಳಗಾವಿ ಜಿಲ್ಲೆಯಲ್ಲಿ, ಸಂಕೇಶ್ವರದ ಹಿರಣ್ಯಕೇಶಿ, ಬೆಲ್ಲದ ಬಾಗೇವಾಡಿಯ ವಿಶ್ವರಾಜ್‌ನಂಥ ಕಾರ್ಖಾನೆಗಳಿಗೆ ಡಿಸ್ಟಿಲರಿಯೂ ಸಕ್ಕರೆಯಷ್ಟೇ ಮುಖ್ಯವಾಗುತ್ತಿದೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಬಿಡುಗಡೆಯಾಯಿತು. ಸುಮಾರು ಎರಡು ವರ್ಷಗಳಲ್ಲಿ ಅದೇ ಬಂಕಿನ ಸಾಮಾನ್ಯ ಪೆಟ್ರೋಲ್ ಆಯಿತು. ಹಳೆಯ ಸ್ಪೋರ್ಟ್ಸ್ ಕಾರುಗಳ ಮೋಹಿಗಳಲ್ಲಿ ಬಹುಕಾಲದಿಂದ ನಡೆದಿರುವ ಒಂದು ಚರ್ಚೆಗೆ ಇದರಿಂದ ಬೇರೆಯೇ ತಿರುವು ಸಿಕ್ಕಿದೆ. ಇಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಬದಲಿಸಬೇಕೇ ಎಂಬ ಪ್ರಶ್ನೆಗೆ ಇಷ್ಟು ದಿನ ಅಶ್ವಶಕ್ತಿಯ ಲೆಕ್ಕದಲ್ಲಿ ಉತ್ತರ ಹುಡುಕುತ್ತಿದ್ದೆವು. ನನ್ನ ವಾದ ಇಷ್ಟು: ಟರ್ಬೊ ಇಲ್ಲದ ಹಳೆಯ ಕಾರಿಗೆ ಹೊಸ ಇಸಿಯು ಶಕ್ತಿಗಾಗಿ ಬೇಕಿಲ್ಲ. ಬೇಕಾದರೆ, ಟ್ಯಾಂಕಿನಲ್ಲಿ ಏನಿದೆ ಎಂದು ತಿಳಿಯುವುದಕ್ಕಾಗಿ ಬೇಕು.

ಯಾವ ಕಾರುಗಳ ಮಾತು ಎಂಬುದನ್ನು ಮೊದಲು ಹೇಳಬೇಕು. ಪರದೇಶದ ಪೋರ್ಷೆ, ಬಿಎಂಡಬ್ಲ್ಯುಗಳನ್ನು ಬದಿಗಿಡೋಣ. ಬೆಂಗಳೂರಿನ ಸ್ಯಾನ್ ಕಂಪನಿ ಗೋವಾದ ಕಾರ್ಖಾನೆಯಲ್ಲಿ ಕಟ್ಟಿದ ಎರಡು ಸೀಟಿನ ಸ್ಯಾನ್ ಸ್ಟಾರ್ಮ್ ನಮ್ಮದೇ ಎನ್ನಬಹುದಾದ ಸ್ಪೋರ್ಟ್ಸ್ ಕಾರು. ಅದರೊಳಗಿದ್ದದ್ದು ರೆನೋದ 1,149 ಸಿಸಿ, ಸುಮಾರು 60 ಅಶ್ವಶಕ್ತಿಯ ಇಂಜೆಕ್ಷನ್ ಇಂಜಿನ್. ಹೆಸರಿಗೆ ಸ್ಪೋರ್ಟ್ಸ್ ಕಾರು ಅಲ್ಲದಿದ್ದರೂ ನಮ್ಮ ರ‍್ಯಾಲಿ, ರೇಸ್‌ಗಳಲ್ಲಿ ಆ ಕೆಲಸ ಮಾಡಿದವು ಇಂಜೆಕ್ಷನ್ ಮಾದರಿಯ ಮಾರುತಿ ಎಸ್ಟೀಮ್, 1.5 ಲೀಟರ್, 106 ಅಶ್ವಶಕ್ತಿಯ ಹೋಂಡಾ ಸಿಟಿ ವಿಟೆಕ್, 100 ಅಶ್ವಶಕ್ತಿಯ ಫಿಯಟ್ ಪಾಲಿಯೊ 1.6ರಂಥವು. ಇವೆಲ್ಲ ಕಾರ್ಬೊರೇಟರ್ ಮನೆಗೆ ಹೋಗಿ ಇಂಜೆಕ್ಷನ್ ಬಂದ ಕಾಲದ ಮಕ್ಕಳು. ದೇಶದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದ ಫೆಬ್ರುವರಿಯಲ್ಲಿ. ಭಾರತ್ ಸ್ಟೇಜ್ 2 ದೇಶವ್ಯಾಪಿಯಾದದ್ದು 2005ರಲ್ಲಿ. ಆ ದಿನಗಳ ಎಂಜಿನಿಯರ್‌ಗಳು ಶುದ್ಧ ಪೆಟ್ರೋಲನ್ನೋ, ಹೆಚ್ಚೆಂದರೆ ಶೇ 5ರ ಮಿಶ್ರಣವನ್ನೋ ಕಣ್ಣ ಮುಂದಿಟ್ಟುಕೊಂಡು ಈ ಕಾರುಗಳ ಇಸಿಯುಗಳಲ್ಲಿ ಅಂಕಿಗಳನ್ನು ತುಂಬಿದರು. ಆ ಅಂಕಿಗಳು ಇಂದಿಗೂ ಹಾಗೇ ಇವೆ.

ಹಳೆಯ ಇಸಿಯು ಮಾಡುವ ಕೆಲಸ ಸರಳ. ಒಳಬರುವ ಗಾಳಿಯ ಒತ್ತಡ, ಗಾಳಿ ಮತ್ತು ನೀರಿನ ಶಾಖ, ಥ್ರಾಟಲ್ ಎಷ್ಟು ತೆರೆದಿದೆ, ಇಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂಬುದನ್ನು ನೋಡಿ ಗಾಳಿಯ ಪ್ರಮಾಣ ಅಂದಾಜಿಸುತ್ತದೆ. ಅದಕ್ಕೆ ತಕ್ಕಂತೆ ಇಂಜೆಕ್ಟರನ್ನು ಕೆಲವು ಮಿಲಿಸೆಕೆಂಡ್ ತೆರೆದಿಡುತ್ತದೆ. ಕಾರ್ಖಾನೆಯ ಕಾಟಾ ಕಬ್ಬಿನ ತೂಕ ಹೇಳುತ್ತದೆ, ಇಳುವರಿ ಹೇಳುವುದಿಲ್ಲ. ಇದೂ ಹಾಗೆಯೇ, ಇಂಧನದ ಅಳತೆ ಬಲ್ಲದು, ಗುಣ ಅರಿಯದು. ಒಂದು ಕಿಲೊ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು. ಎಥನಾಲಿನ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಅದಕ್ಕೆ 9 ಕಿಲೊ ಸಾಕು. ಇ20ಕ್ಕೆ ಸುಮಾರು 13.5. ಗಾಳಿ ಅಷ್ಟೇ ಬಂದಾಗ ಇ20 ಹೆಚ್ಚು ಸುರಿಯಬೇಕೆಂಬುದು ಇದರ ಅರ್ಥ. ಫುಲ್ ಥ್ರಾಟಲ್‌ನಲ್ಲಿ 12.6ರ ಅನುಪಾತಕ್ಕೆ, ಅಂದರೆ ಲ್ಯಾಂಬ್ಡಾ (ಪೂರ್ತಿ ಉರಿಯಲು ಬೇಕಾದ ಗಾಳಿಗೆ ಹೋಲಿಸಿದರೆ ಇರುವ ಗಾಳಿಯ ಪ್ರಮಾಣ) 0.86ಕ್ಕೆ, ಹೊಂದಿಸಿದ ಇಂಜಿನ್ನಿಗೆ ಅಂಕಿ ಬದಲಿಸದೆ ಇ20 ಕುಡಿಸಿದರೆ ಲ್ಯಾಂಬ್ಡಾ 0.92ರ ಆಸುಪಾಸಿಗೆ ಏರುತ್ತದೆ. ಮಿಶ್ರಣ ತೆಳುವಾಗುತ್ತದೆ, ಎಥನಾಲ್ ಆವಿಯಾಗುವಾಗ ಕೊಡುವ ತಂಪು ಇದನ್ನು ಸ್ವಲ್ಪ ಸರಿದೂಗಿಸಿದರೂ, ಇಂಜಿನ್ ವಿನ್ಯಾಸಕಾರ ಕಾಯ್ದಿಟ್ಟ ಸುರಕ್ಷತೆಯ ಅಂಚು ಸವೆಯುತ್ತದೆ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ: ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇದೆಯಲ್ಲ, ಅದು ತೆಳು ಮಿಶ್ರಣವನ್ನು ಕಂಡುಹಿಡಿದು ಇಸಿಯುಗೆ ತಿಳಿಸುವುದಿಲ್ಲವೇ? ತಿಳಿಸುತ್ತದೆ, ಮತ್ತು ಈ ಆಕ್ಷೇಪದಲ್ಲಿ ಮುಕ್ಕಾಲು ಪಾಲು ಸತ್ಯವಿದೆ. ಐಡಲಿಂಗ್‌ನಲ್ಲಿ, ಸಂಕೇಶ್ವರದ ಬಳಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ, ಇಸಿಯು ಸೆನ್ಸರಿನ ಮಾತು ಕೇಳಿ ಇಂಧನ ಹೆಚ್ಚಿಸಿಕೊಳ್ಳುತ್ತದೆ. ಇ20 ಬೇಡುವ ಶೇ 8ರಷ್ಟು ತಿದ್ದುಪಡಿ ಆರೋಗ್ಯವಂತ ವ್ಯವಸ್ಥೆಯ ಕೈಗೆಟಕುವಂಥದ್ದೇ. ಆದರೆ ಹಳೆಯ ಸೆನ್ಸರ್ ನಿಖರವಾಗಿ ಗುರುತಿಸುವುದು ಲ್ಯಾಂಬ್ಡಾ 1ರ ಗೆರೆಯನ್ನು ಮಾತ್ರ. ಅದರಾಚೆಗೆ ಮಿಶ್ರಣ ದಪ್ಪ ಅಥವಾ ತೆಳು ಎನ್ನುತ್ತದೆಯೇ ಹೊರತು ಎಷ್ಟು ಎನ್ನುವುದಿಲ್ಲ. ಆದ್ದರಿಂದ ಪೆಡಲ್ ಪೂರ್ತಿ ಒತ್ತಿದಾಗ ಇಸಿಯು ಸೆನ್ಸರನ್ನು ಬದಿಗಿಟ್ಟು ತನ್ನ ಹಳೆಯ ಅಂಕಿಗಳನ್ನೇ ನಂಬುತ್ತದೆ. ಕಲಿತ ತಿದ್ದುಪಡಿಯನ್ನು ಅಲ್ಲಿಗೂ ಒಯ್ಯುವ ಇಸಿಯುಗಳಿವೆ, ಒಯ್ಯದವೂ ಇವೆ. ಊರಿನಲ್ಲಿ ಓಡಿಸುವವನಿಗೆ ಇದು ಮೈಲೇಜಿನ ವಿಷಯ. ಶುದ್ಧ ಪೆಟ್ರೋಲಿಗೆ ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಅದು ಶೇ 6ರಿಂದ 7 ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಚೆನ್ನೈ ಬಳಿಯ ಇರುಂಗಾಟ್ಟುಕೋಟೈನ ರೇಸ್ ಟ್ರ್ಯಾಕಿನಲ್ಲಿ ಸುತ್ತಿನ ಮೇಲೆ ಸುತ್ತು ಹೊಡೆಯುವವನಿಗೆ ಅದು ಪಿಸ್ಟನ್, ವಾಲ್ವುಗಳ ಆಯುಷ್ಯದ ವಿಷಯ.

ಇನ್ನು ಶಕ್ತಿಯ ಮಾತು. ಟರ್ಬೊ ಇರುವ ಕಾರಿನಲ್ಲಿ ರೀಮ್ಯಾಪ್ ಮಾಡಿದರೆ ಲಾಭ ಕಣ್ಣಿಗೆ ಕಾಣುವಂತಿರುತ್ತದೆ. ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನ 1.8 ಲೀಟರ್ ಟರ್ಬೊ ಇಂಜಿನ್ನಿನಲ್ಲಿ ಗಾಳಿಯ ಒತ್ತಡವನ್ನು ನಿಯಂತ್ರಿಸುವುದೇ ಇಸಿಯು; ಅಂಕಿ ಬದಲಿಸಿದರೆ ಗಾಳಿಯೇ ಹೆಚ್ಚುತ್ತದೆ. ಟರ್ಬೊ ಇಲ್ಲದ ಇಂಜಿನ್ ಎಷ್ಟು ಗಾಳಿ ಎಳೆದುಕೊಳ್ಳಬೇಕೆಂಬುದನ್ನು ಕ್ಯಾಮ್, ವಾಲ್ವ್, ಮ್ಯಾನಿಫೋಲ್ಡುಗಳು ಮೊದಲೇ ನಿರ್ಧರಿಸಿರುತ್ತವೆ. ಅಲ್ಲಿ ಇಸಿಯು ಮಾಡಬಹುದಾದದ್ದು ಇಗ್ನಿಷನ್ ಟೈಮಿಂಗ್ ಸ್ವಲ್ಪ ಮುಂದಕ್ಕೆ ಸರಿಸುವುದು, ಇಂಧನ ಸರಿಪಡಿಸುವುದು, ಸುತ್ತಿನ ಮಿತಿ ಏರಿಸುವುದು, ಇಷ್ಟೇ. ಇಷ್ಟರಿಂದ 60 ಅಶ್ವಶಕ್ತಿಯ ಸ್ಟಾರ್ಮ್ 80 ಆಗುವುದಿಲ್ಲ. ಆದರೂ ಮಾರುಕಟ್ಟೆಯಲ್ಲಿ ಚಿಪ್ ಹೆಸರಿನ ಅಗ್ಗದ ಡಬ್ಬಿಗಳಿಗೆ ಬರವಿಲ್ಲ. ಹಲವನ್ನು ಬಿಚ್ಚಿದರೆ ಒಳಗೆ ಸಿಗುವುದು ಒಂದು ರೆಸಿಸ್ಟರ್. ಗಾಳಿ ತಣ್ಣಗಿದೆ ಎಂದು ಇಸಿಯುಗೆ ಸುಳ್ಳು ಹೇಳಿ ಇಂಧನ ಹೆಚ್ಚು ಸುರಿಸುವುದೇ ಅದರ ಕೆಲಸ. ಸಾಮಾನ್ಯ ಓಟದಲ್ಲಿ ಆಕ್ಸಿಜನ್ ಸೆನ್ಸರ್ ಆ ಸುಳ್ಳನ್ನು ಅಳಿಸಿ ಹಾಕುತ್ತದೆ, ಕೊಟ್ಟ ಹಣ ಮಾತ್ರ ಮರಳುವುದಿಲ್ಲ.

ಹಾಗಾದರೆ ನಿಜವಾದ ಸುಧಾರಣೆ ಯಾವುದು? ದಾರಿ ಎರಡು. ಮೊದಲನೆಯದು ಪಿಗಿಬ್ಯಾಕ್: ಹಳೆಯ ಇಸಿಯುವನ್ನು ಉಳಿಸಿಕೊಂಡು ಅದರ ಮತ್ತು ಇಂಜೆಕ್ಟರುಗಳ ನಡುವೆ ಕೂತು ಸಂಕೇತಗಳನ್ನು ತಿದ್ದುವ ಡಬ್ಬಿ. ಬೆಂಗಳೂರಿನ ರೇಸ್ ಡೈನಾಮಿಕ್ಸ್ ಬೈಕುಗಳಿಗಾಗಿ ತಯಾರಿಸುವ ಪವರ್‌ಟ್ರಾನಿಕ್ ಈ ಜಾತಿಯದು. ಎರಡನೆಯದು ಸ್ಟ್ಯಾಂಡ್‌ಅಲೋನ್: ಹಳೆಯದನ್ನು ಪೂರ್ತಿ ತೆಗೆದು ಹೊಸದನ್ನೇ ಕೂರಿಸುವುದು. ಆಸ್ಟ್ರೇಲಿಯಾದ ಹಾಲ್ಟೆಕ್, ಮೋಟೆಕ್‌ಗಳಿಂದ ಹಿಡಿದು, ಬೌಲಿಂಗ್ ಮತ್ತು ಗ್ರಿಪ್ಪೊ ಜೋಡಿ ಹವ್ಯಾಸಿಗಳಿಗೆಂದೇ ರೂಪಿಸಿದ ಮೆಗಾಸ್ಕ್ವರ್ಟ್, ಆರ್ಡುಯಿನೊ ಬೋರ್ಡಿನ ಮೇಲೆ ಕಟ್ಟಿದ ಸ್ಪೀಡುಯಿನೊವರೆಗೆ ಇದರಲ್ಲಿ ಎಲ್ಲ ದರದವೂ ಇವೆ. ಇವುಗಳಲ್ಲಿ ನನಗೆ ಮುಖ್ಯವೆನಿಸುವ ಗುಣ ಒಂದೇ: ಫ್ಲೆಕ್ಸ್ ಫ್ಯೂಯೆಲ್ ಸೆನ್ಸರನ್ನು ಜೋಡಿಸಿಕೊಳ್ಳುವ ಶಕ್ತಿ. ಇಂಧನದ ಕೊಳವೆಯಲ್ಲಿ ಕೂರುವ ಈ ಸೆನ್ಸರ್ ಎಥನಾಲ್ ಶೂನ್ಯವಿದ್ದಾಗ 50 ಹರ್ಟ್ಝ್, ಪೂರ್ತಿ ಎಥನಾಲ್ ಇದ್ದಾಗ 150 ಹರ್ಟ್ಝ್ ಸಂಕೇತ ಕೊಡುತ್ತದೆ. ಇ20 ಬಂದರೆ ಸುಮಾರು 70. ಇಸಿಯು ಇದನ್ನು ಓದಿ ಇಂಧನವನ್ನೂ ಟೈಮಿಂಗನ್ನೂ ತಾನೇ ಹೊಂದಿಸಿಕೊಳ್ಳುತ್ತದೆ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ 2023ರಲ್ಲಿ ಇನೋವಾ ಹೈಕ್ರಾಸ್‌ನ ಫ್ಲೆಕ್ಸ್ ಫ್ಯೂಯೆಲ್ ಮಾದರಿಯನ್ನು ತೋರಿಸಿದ ಮೇಲೆ, ಮಿಶ್ರಣ ಇಪ್ಪತ್ತಕ್ಕೇ ನಿಲ್ಲುತ್ತದೆಂದು ನಂಬಿ ಕಾರು ಟ್ಯೂನ್ ಮಾಡಿಸುವುದು ಜಾಣತನವಲ್ಲ. ಆಯ್ಕೆಯಲ್ಲಿ ಇನ್ನೊಂದು ಎಚ್ಚರ ಬೇಕು. ಥ್ರಾಟಲ್ ತೆರೆದಷ್ಟನ್ನೇ ನೋಡಿ ಇಂಧನ ಕೊಡುವ ಮ್ಯಾಪ್ ರೇಸಿಗೆ ಚೆನ್ನ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಬೆಳಗಾವಿಯಿಂದ ಚೋರ್ಲಾ ಘಾಟಿಳಿದು ಗೋವಾ ತಲುಪುವ ಕಾರಿಗೆ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರಲೇಬೇಕು.

ಕಾರಿನ ಅಸಲಿತನ ಹೋಗುತ್ತದೆಂಬುದು ಎರಡನೆಯ ಆಕ್ಷೇಪ. ಇದು ತೂಕದ ಮಾತೇ. ಆದರೆ ಹಳೆಯ ವೈರಿಂಗನ್ನು ಕತ್ತರಿಸದೆ, ಅದೇ ಪ್ಲಗ್‌ಗೆ ಹೊಂದುವ ಅಡಾಪ್ಟರ್ ಹಾಕಿಸಿ, ಹಳೆಯ ಡಬ್ಬಿಯನ್ನು ಒಣ ಜಾಗದಲ್ಲಿ ಕಾಪಾಡಿದರೆ ಯಾವಾಗ ಬೇಕಾದರೂ ಹಿಂದಿನ ಸ್ಥಿತಿಗೆ ಮರಳಬಹುದು. ಇಪ್ಪತ್ತೈದು ವರ್ಷದ ಕೆಪ್ಯಾಸಿಟರುಗಳು ಸೋರಿ ಬೋರ್ಡನ್ನೇ ತಿನ್ನುತ್ತವೆಂಬುದನ್ನು ನೆನೆದರೆ, ಹಳೆಯದನ್ನು ದುಡಿಸದೆ ಕಾಯ್ದಿಡುವುದೂ ಒಂದು ಬಗೆಯ ಸಂರಕ್ಷಣೆ. ಮೂರನೆಯದು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಅದನ್ನು ಗಟ್ಟಿಗೊಳಿಸಿದ 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪು ತಯಾರಕರ ಮೂಲ ವಿವರಗಳಿಂದ ದೂರ ಸರಿಯುವುದನ್ನು ತಡೆಯುತ್ತವೆ. ಅನುಮತಿಯಿಲ್ಲದ ಮಾರ್ಪಾಡಿಗೆ 182ಎ ಕಲಂ ದಂಡವನ್ನೂ ಸೆರೆಯನ್ನೂ ಹೇಳುತ್ತದೆ. ಇಸಿಯು ಬದಲಾವಣೆ ಇದರೊಳಗೆ ಎಷ್ಟು ಬರುತ್ತದೆಂದು ವಕೀಲರು ವಾದಿಸಲಿ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು, ಹೊಗೆ ಹೆಚ್ಚಿಸಿ, ಪಿಕಪ್ ಪಡೆಯುವ ಟ್ಯೂನಿಂಗ್ ಮಾತ್ರ ಯಾವ ವಾದದಿಂದಲೂ ಒಪ್ಪತಕ್ಕದ್ದಲ್ಲ. ರಸ್ತೆಯ ಕಾರು ಹೊಗೆ ತಪಾಸಣೆಯಲ್ಲಿ ಪಾಸಾಗಲೇಬೇಕು. ಮಿಕ್ಕ ಸಾಹಸಕ್ಕೆ ಟ್ರ್ಯಾಕ್ ಇದೆ.

ತೀರ್ಮಾನಕ್ಕೆ ಬಂದರೆ, ಖರ್ಚಿಗೆ ಒಂದು ಕ್ರಮವಿರಬೇಕು. ಮೊದಲ ಹಣ ಹೊಸ ಆಕ್ಸಿಜನ್ ಸೆನ್ಸರಿಗೆ, ಎಥನಾಲ್ ತಾಳುವ ರಬ್ಬರ್ ಪೈಪುಗಳಿಗೆ, ಸೀಲುಗಳಿಗೆ, ಅರ್ಥಿಂಗ್ ವೈರುಗಳಿಗೆ. ಎರಡನೆಯದು ಮಿಶ್ರಣವನ್ನು ಅಂಕಿಯಲ್ಲೇ ತೋರಿಸುವ ವೈಡ್‌ಬ್ಯಾಂಡ್ ಮೀಟರಿಗೆ. ಘಟಪ್ರಭಾದಿಂದ ಗೋಕಾಕ ಫಾಲ್ಸ್‌ಗೆ ಭಾನುವಾರದ ಸವಾರಿ ಹೋಗುವ ಬಹುತೇಕ ಕಾರುಗಳಿಗೆ ಇಷ್ಟು ಸಾಕು. ಮೀಟರ್ ತೆಳು ಎಂದು ಹೇಳಿದರೆ, ಇಂಜಿನ್ನಿನ ಕ್ಯಾಮ್ ಅಥವಾ ಇಂಜೆಕ್ಟರ್ ಬದಲಾಗಿದ್ದರೆ, ಇಲ್ಲವೇ ಹಳೆಯ ಇಸಿಯು ಸತ್ತಿದ್ದರೆ ಮಾತ್ರ ಹೊಸದನ್ನು ತನ್ನಿ. ತರುವುದಾದರೆ ಫ್ಲೆಕ್ಸ್ ಸೆನ್ಸರ್ ಸಮೇತ ತನ್ನಿ. ಡಬ್ಬಿಯ ದರಕ್ಕಿಂತ, ಶಕ್ತಿ ಅಳೆಯುವ ಡೈನೋ ಯಂತ್ರದ ಮೇಲೆ ಕಾರು ಓಡಿಸಿ ಅಂಕಿ ತುಂಬುವವನ ಕೈಗುಣಕ್ಕೆ ಹೆಚ್ಚು ಬೆಲೆಯಿದೆ. ಎಷ್ಟು ಅಶ್ವಶಕ್ತಿ ಬಂತೆಂದು ಅವನನ್ನು ಕೇಳಬೇಡಿ. ಬಂಕಿನ ಪೆಟ್ರೋಲ್ ತುಂಬಿಸಿ, ಫುಲ್ ಥ್ರಾಟಲ್‌ನ ಲ್ಯಾಂಬ್ಡಾ ದಾಖಲೆಯನ್ನು ಕೆಲಸಕ್ಕೆ ಮೊದಲೂ ಆಮೇಲೂ ತೋರಿಸೆನ್ನಿ. ತೋರಿಸಲು ಹಿಂಜರಿಯುವವನಿಗೆ ಕಾರಿನ ಕೀ ಕೊಡಬೇಡಿ.