ಮೊಮ್ಮಗನಿಗಿಂತ ನಾಲ್ಕೇ ವರ್ಷ ದೊಡ್ಡ ಅಜ್ಜಿ

ನಿಂಬರ್ಗಾದ ಮನೆಯಲ್ಲಿ ನಮ್ಮ ಚಿಗವ್ವ ರೊಟ್ಟಿ ಬಡಿಯಲು ಕೂಡುವ ಹೊತ್ತಿಗೇ ಟೀವಿಯಲ್ಲಿ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿ ಶುರುವಾಗುತ್ತಿತ್ತು. ಪುಟ್ಟಕ್ಕನಾದ ಉಮಾಶ್ರೀ ಮಾತಾಡುತ್ತಿದ್ದಷ್ಟು ಹೊತ್ತು ಟಪಟಪ ಸದ್ದು ನಡೆದೇ ಇರುತ್ತಿತ್ತು. ಅವರು ಮಾತು ನಿಲ್ಲಿಸಿ ಸುಮ್ಮನೆ ನೋಡಿದರೆ ಚಿಗವ್ವನ ಕೈಯೂ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕಮರಿದ ಮೇಲೇ ಎಚ್ಚರ. “ಆಕಿ ಸುಮ್ಮ ಕುಂತ್ರ ಜೀವ ಚುರ್ ಅಂತದ ನೋಡೋ” ಎಂದು ನನ್ನನ್ನೇ ಗದರುತ್ತಿದ್ದಳು. ಮೆಸ್ ನಡೆಸುವ ಪುಟ್ಟಕ್ಕನ ಮಾತು ಹಳೇ ಮೈಸೂರಿನದು, ನಮ್ಮ ಆಳಂದ ಸೀಮೆಯದಲ್ಲ. ಚಿಗವ್ವನಿಗೆ ಅದೊಂದು ಅಡ್ಡಿಯೇ ಆಗಲಿಲ್ಲ.

ಇಂಥ ನಟಿಯನ್ನು ನಾವು ಬಹಳ ಕಾಲ ‘ಹಾಸ್ಯನಟಿ’ ಎಂದು ಬದಿಗಿಟ್ಟಿದ್ದೆವು. 1984ರಲ್ಲಿ ಅವರು ನಟಿಸಿದ ಕಾಶಿನಾಥರ ‘ಅನುಭವ’ ಬಂತು. ಆಮೇಲೆ ಎನ್.ಎಸ್. ರಾವ್ ಜೊತೆ ಸಾಲು ಸಾಲು ಕಾಮಿಡಿ. ದ್ವಂದ್ವಾರ್ಥದ ಆ ಮಾತುಗಳು ಬಂದಾಗ ಮನೆಯ ಹಿರಿಯರು ಎದ್ದು ಟೀವಿ ಆರಿಸುತ್ತಿದ್ದರು. ಮಾತು ಹಗುರವಿತ್ತು ನಿಜ, ಆದರೆ ಟೈಮಿಂಗ್? ಅದು ರಂಗಭೂಮಿಯಲ್ಲಿ ಪಳಗಿದ್ದು. ದೇವನೂರ ಮಹಾದೇವರ ‘ಒಡಲಾಳ’ವನ್ನು ನಿರ್ದೇಶಕ ಸಿಜಿಕೆ ರಂಗಕ್ಕೆ ತಂದಾಗ, ಕಳೆದುಹೋದ ಹುಂಜ ಹುಡುಕುವ ಮುದುಕಿ ಸಾಕವ್ವನಾಗಿದ್ದವರು ಇದೇ ಉಮಾಶ್ರೀ. ಆಗಿನ್ನೂ ಹರೆಯ.

ಮುಪ್ಪು ಅವರಿಗೆ ಬಣ್ಣದ ಡಬ್ಬಿಯಿಂದ ಬಂದದ್ದಲ್ಲ. ‘ಪುಟ್ನಂಜ’ (1995) ನೋಡಿ. ನಾಯಕ ರವಿಚಂದ್ರನ್ ಹುಟ್ಟಿದ್ದು 1961ರಲ್ಲಿ, ಅವರ ಅಜ್ಜಿ ಪುಟ್ಟಮಲ್ಲಿಯಾದ ಉಮಾಶ್ರೀ 1957ರಲ್ಲಿ. ನಾಲ್ಕು ವರ್ಷದ ಅಂತರ! ಚಿತ್ರಮಂದಿರದಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಬೈಗುಳದೊಳಗೆ ಅಕ್ಕರೆ ಬೆರೆಸುವ ಆ ಗಂಟಲು ನಮ್ಮ ಓಣಿಯ ಪ್ರತಿ ಕಟ್ಟೆಯ ಮೇಲೂ ಇದೆ. ಸಿನಿಮಾದಲ್ಲಿ ಮಾತ್ರ ಅಪರೂಪ.

ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008) ಬಂದಾಗ ವಿಮರ್ಶಕರು ಬೆರಗಾದರು. ಕುಂದಾಪುರದ ಕಡೆಯ ಸಿನಿಮಾ ಹುಚ್ಚಿನ ಸೂಲಗಿತ್ತಿ, ಮನೆಗೆ ಬಂದ ಟೀವಿ, ಅದರ ಮುಂದೆ ನೆರೆಯುವ ಹೆಂಗಸರು. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಬೆರಗಾಗುವಂಥದ್ದೇನಿತ್ತೋ ನನಗೆ ತಿಳಿಯದು. ನಗಿಸುವಾಗ ಯಾವ ಗಳಿಗೆಯಲ್ಲಿ ಬಾಯಿ ಮುಚ್ಚಬೇಕೆಂದು ಕಲಿತವರು, ಗುಲಾಬಿಯಲ್ಲಿ ಅದನ್ನೇ ತುಸು ಹೆಚ್ಚು ಹೊತ್ತು ಹಿಡಿದರು, ಅಷ್ಟೇ.

ಮುಂದಿನ ಸಲ ಟೀವಿಯಲ್ಲಿ ‘ಪುಟ್ನಂಜ’ ಹಾಕಿದರೆ, ಹಾಡು ಬಂದಾಗ ಬೇಕಾದರೆ ಚಾ ಕುಡಿಯಲು ಏಳಿ. ಅಜ್ಜಿ ಬಂದಾಗ ಮಾತ್ರ ಕೂತಿರಿ.