ಗೋಲ್‌ಕೀಪರನ ಪೂರ್ವಾಶ್ರಮ

ಮ್ಯಾಂಚೆಸ್ಟರ್ ಸಿಟಿಯ ಅಭಿಮಾನಿಗಳು ತಲೆಮಾರಿನಿಂದ ತಲೆಮಾರಿಗೆ ದಾಟಿಸಿಕೊಂಡು ಬಂದ ಕಥೆಯೊಂದಿದೆ. 1956ರ ಮೇ 5, ವೆಂಬ್ಲಿ ಮೈದಾನ, ಎಫ್‌.ಎ. ಕಪ್ ಫೈನಲ್. ಆಟ ಮುಗಿಯಲು ಇನ್ನು 17 ನಿಮಿಷವಿದೆ ಎನ್ನುವಾಗ ಬರ್ಮಿಂಗ್‌ಹ್ಯಾಮ್ ಸಿಟಿಯ ಪೀಟರ್ ಮರ್ಫಿಯ ಕಾಲಿನ ಮುಂದಕ್ಕೆ ಹಾರಿ ಚೆಂಡು ಹಿಡಿದ ಗೋಲ್‌ಕೀಪರ್ ಬರ್ಟ್ ಟ್ರಾಟ್‌ಮನ್‌ನ ಕುತ್ತಿಗೆಗೆ ಏಟು ಬಿತ್ತು. ಬದಲಿ ಆಟಗಾರನನ್ನು ಇಳಿಸುವ ಪದ್ಧತಿ ಆಗ ಇರಲಿಲ್ಲ. ಕಣ್ಣು ಮಂಜಾಗಿದ್ದವನು ಎದ್ದು ನಿಂತು ಕೊನೆಯವರೆಗೂ ಆಡಿದ. ಸಿಟಿ 3-1ರಿಂದ ಗೆದ್ದಿತು. ನಾಲ್ಕು ದಿನಗಳ ನಂತರ ಎಕ್ಸ್‌ರೇ ತೆಗೆದಾಗ ಕುತ್ತಿಗೆಯ ಎರಡನೆಯ ಮೂಳೆ ಎರಡು ಹೋಳಾಗಿದ್ದು ಕಂಡಿತು.

ಮಾರ್ಕುಸ್ ರೋಸೆನ್‌ಮ್ಯುಲ್ಲರ್ ನಿರ್ದೇಶನದ ‘ದ ಕೀಪರ್’ (2018) ಈ ಕಥೆಗೆ ತಲುಪುವ ಮೊದಲು ಬಹಳ ದೂರ ನಡೆಯುತ್ತದೆ. ಕುತ್ತಿಗೆ ಮುರಿದ ಆ ಮನುಷ್ಯ ಅದಕ್ಕೂ ಮುಂಚೆ ಯಾರಾಗಿದ್ದ ಎಂಬುದೇ ಚಿತ್ರದ ಮುಖ್ಯ ಕಾಳಜಿ. ಈ ಆಯ್ಕೆಯಲ್ಲಿ ಧೈರ್ಯವಿದೆ. ಏಕೆಂದರೆ ಟ್ರಾಟ್‌ಮನ್‌ನ ಪೂರ್ವಾಶ್ರಮ ಹೆಮ್ಮೆಯಿಂದ ಹೇಳಿಕೊಳ್ಳುವಂಥದ್ದಲ್ಲ. 1923ರಲ್ಲಿ ಬ್ರೆಮೆನ್ನಿನ ದುಡಿಯುವ ಕುಟುಂಬವೊಂದರಲ್ಲಿ ಹುಟ್ಟಿದ ಬೆರ್ನ್‌ಹಾರ್ಡ್ (ಬರ್ಟ್), ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷವೇ ನಾಜಿಗಳ ಬಾಲಕರ ದಳ ಸೇರಿದ. ಯುದ್ಧದಲ್ಲಿ ಪ್ಯಾರಾಟ್ರೂಪರ್ ಆದ, ಪೂರ್ವರಂಗದಲ್ಲಿ ಕಾದಾಡಿದ, ಐರನ್ ಕ್ರಾಸ್ ಪಡೆದ. ಕೊನೆಗೆ ಬ್ರಿಟಿಷರ ಕೈಗೆ ಸಿಕ್ಕಿ ಯುದ್ಧಕೈದಿಯಾಗಿ ಲ್ಯಾಂಕಶೈರಿನ ಆಷ್ಟನ್ ಇನ್ ಮೇಕರ್‌ಫೀಲ್ಡ್ ಶಿಬಿರಕ್ಕೆ ಬಂದ. 1948ರಲ್ಲಿ ಬಿಡುಗಡೆಯಾದಾಗ ಊರಿಗೆ ಮರಳದೆ ಅಲ್ಲೇ ಉಳಿದ. ಮರುವರ್ಷ ಮ್ಯಾಂಚೆಸ್ಟರ್ ಸಿಟಿ ಅವನನ್ನು ಕರೆದುಕೊಂಡಿತು. ಈ ಕ್ಲಬ್ಬಿನ ಅಭಿಮಾನಿ ತನ್ನ ವೀರನ ಎಳವೆಯನ್ನು ಕೊಂಡಾಡಬೇಕಾದರೆ ಇಷ್ಟನ್ನೂ ಎದುರಿಗಿಟ್ಟುಕೊಂಡೇ ಕೊಂಡಾಡಬೇಕು.

ಚಿತ್ರದ ಅತ್ಯುತ್ತಮ ಭಾಗ ಸೇಂಟ್ ಹೆಲೆನ್ಸ್‌ನದು. ಅಲ್ಲಿಯ ಚಿಕ್ಕ ಹವ್ಯಾಸಿ ತಂಡವನ್ನು ನಡೆಸುವ ಜ್ಯಾಕ್ ಫ್ರೈಯರ್ ಪಾತ್ರದಲ್ಲಿ ಜಾನ್ ಹೆನ್‌ಶಾ ನಟಿಸಿದ್ದಾರೆ. ತಂಡ ಸೋಲುತ್ತಿದೆ, ಗೋಲ್‌ಕೀಪರ್ ನೆಟ್ಟಗಿಲ್ಲ. ಶಿಬಿರದಲ್ಲಿ ಪೆನಾಲ್ಟಿಗಳನ್ನು ತಡೆಯುತ್ತಿರುವ ಜರ್ಮನ್ ಹುಡುಗ ಕಣ್ಣಿಗೆ ಬೀಳುತ್ತಾನೆ. ಫ್ರೈಯರ್‌ಗೆ ಮೊದಲು ಬೇಕಾದದ್ದು ಗೋಲ್‌ಕೀಪರ್. ಶತ್ರುವನ್ನು ಕ್ಷಮಿಸುವ ಯೋಚನೆ ಅವನ ತಲೆಯಲ್ಲಿಲ್ಲ. ಹೆನ್‌ಶಾ ಈ ಸ್ವಾರ್ಥವನ್ನು ಮುಚ್ಚಿಡದೆ ಅಭಿನಯಿಸುತ್ತಾರೆ, ಅದರೊಳಗಿಂದಲೇ ಮಮತೆ ನಿಧಾನವಾಗಿ ಒಸರಲು ಬಿಡುತ್ತಾರೆ. ಫ್ರೈಯರ್‌ನ ದಿನಸಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತ ಕೈದಿ, ಅವನನ್ನು ಕಂಡರೆ ಮೈಯೆಲ್ಲ ಉರಿಯುವ ಫ್ರೈಯರ್‌ನ ಮಗಳು ಮಾರ್ಗರೆಟ್ (ಫ್ರೇಯಾ ಮೇವರ್), ಮಗ್ಗುಲಿಗೇ ನಿಲ್ಲಲು ಒಪ್ಪದ ಸಹ ಆಟಗಾರರು: ದ್ವೇಷ ಕರಗುವುದು ಭಾಷಣದಿಂದಲ್ಲ, ದಿನವೂ ಮುಖ ನೋಡುವುದರಿಂದ ಎಂಬುದನ್ನು ಈ ದೃಶ್ಯಗಳು ನಂಬಿಕೆ ಹುಟ್ಟುವಂತೆ ತೋರಿಸುತ್ತವೆ. ಟ್ರಾಟ್‌ಮನ್ ಆಗಿ ನಟಿಸಿರುವ ಡೇವಿಡ್ ಕ್ರಾಸ್ ಕಡಿಮೆ ಮಾತಿನ ನಟ. ಕ್ಷಮೆ ಕೇಳಬೇಕೆನಿಸಿದರೂ ಬಾಯಿ ಬಾರದ ಯುವಕನ ಬಿಗಿತ ಅವರ ಭುಜಗಳಲ್ಲೇ ಕಾಣುತ್ತದೆ.

ಆ ಊರಿನ ಉದಾರತೆಯ ಇನ್ನೊಂದು ಸಂಗತಿ ಚರಿತ್ರೆಯಲ್ಲಿದೆ. 1949ರಲ್ಲಿ ಟ್ರಾಟ್‌ಮನ್ ಬ್ರೆಮೆನ್ನಿಗೆ ಹೋಗಿಬರಲು ಹೊರಟಾಗ ಸೇಂಟ್ ಹೆಲೆನ್ಸ್‌ನ ಅಭಿಮಾನಿಗಳು ಪೆಟ್ಟಿಗೆ ತುಂಬ ತಿನಿಸು ಮತ್ತು ಒಂದಿಷ್ಟು ಹಣ ಕೂಡಿಸಿ ಕೊಟ್ಟರು. ಇಂಗ್ಲೆಂಡಿನಲ್ಲಿ ಪಡಿತರ ಇನ್ನೂ ಮುಗಿದಿರಲಿಲ್ಲ. ತಮ್ಮ ಪಾಲಿನ ಸಕ್ಕರೆ, ಬೆಣ್ಣೆಗಳನ್ನೇ ಅಳೆದು ಬಳಸುತ್ತಿದ್ದ ಜನ ತಮ್ಮ ಮೇಲೆ ಬಾಂಬು ಸುರಿದ ದೇಶದ ಒಂದು ಮನೆಗೆ ಬುತ್ತಿ ಕಟ್ಟಿದರು. ಅಭಿಮಾನಕ್ಕೆ ಇಷ್ಟು ಎತ್ತರ ಇರಬಲ್ಲದು ಎಂದು ನೆನೆದಾಗ ನನಗೆ ಇಂದಿಗೂ ಮನಸ್ಸು ತುಂಬಿ ಬರುತ್ತದೆ.

ಎಳವೆಯ ಕಥೆ ಹೇಳುವ ಚಿತ್ರದಿಂದ ಆಟದ ಅಭಿಮಾನಿ ಇನ್ನೊಂದನ್ನೂ ಬಯಸುತ್ತಾನೆ: ಈ ಆಟಗಾರ ಹೇಗೆ ತಯಾರಾದ? ಇಲ್ಲಿ ಚಿತ್ರ ಸೊರಗಿದೆ. ಟ್ರಾಟ್‌ಮನ್ ಮೊದಲು ಗೋಲ್‌ಕೀಪರನೇ ಆಗಿರಲಿಲ್ಲ. ಶಿಬಿರದ ತಂಡದಲ್ಲಿ ಮೈದಾನದ ನಡುವೆ ಆಡುತ್ತಿದ್ದವನು, ಪಂದ್ಯವೊಂದರಲ್ಲಿ ಗಾಯಗೊಂಡು ಗೋಲ್‌ಕೀಪರನೊಂದಿಗೆ ಸ್ಥಳ ಬದಲಿಸಿಕೊಂಡ, ಮತ್ತೆ ಹಿಂತಿರುಗಲಿಲ್ಲ. ಹುಡುಗನಾಗಿದ್ದಾಗ ಜರ್ಮನಿಯಲ್ಲಿ ಹ್ಯಾಂಡ್‌ಬಾಲ್ ಆಡಿ ಪಳಗಿದ್ದ ತೋಳು ಅವನದು. ಬೇರೆ ಗೋಲ್‌ಕೀಪರ್‌ಗಳು ಸಿಕ್ಕ ಚೆಂಡನ್ನು ಬಲವಾಗಿ ಒದ್ದು ದೂರ ಕಳಿಸುತ್ತಿದ್ದ ಕಾಲದಲ್ಲಿ ಅವನು ಗುರಿಯಿಟ್ಟು ತನ್ನವರ ಕಾಲಿಗೇ ಎಸೆಯುತ್ತಿದ್ದ. ಐವತ್ತರ ದಶಕದಲ್ಲಿ ಡಾನ್ ರೆವಿ ಹಿಂದೆ ಸರಿದು ನಿಂತು ದಾಳಿಯನ್ನು ಕಟ್ಟುತ್ತಿದ್ದ ಸಿಟಿಯ ಆಟದ ರೀತಿಗೆ ಈ ಎಸೆತವೇ ಮೊದಲ ಹೆಜ್ಜೆಯಾಯಿತು. ಬ್ರೆಮೆನ್ನಿನ ಬಾಲ್ಯಕ್ಕೂ ವೆಂಬ್ಲಿಗೂ ನೇರ ನಂಟು ಇರುವುದು ಈ ತೋಳಿನಲ್ಲಿ. ಚಿತ್ರ ಅದನ್ನು ಕೈಗೆತ್ತಿಕೊಂಡಿದ್ದರೆ ಆಟವೂ ಬದುಕೂ ಒಂದೇ ಎಳೆಯಲ್ಲಿ ಹೆಣೆದುಕೊಳ್ಳುತ್ತಿದ್ದವು. ಈಗಿರುವ ಆಟದ ದೃಶ್ಯಗಳಲ್ಲಿ ಹಾರಿ ಹಿಡಿಯುವುದಷ್ಟೇ ಮತ್ತೆ ಮತ್ತೆ ಕಾಣುತ್ತದೆ.

ನನ್ನ ಮುಖ್ಯ ತಕರಾರು ಯುದ್ಧದ ಚಿತ್ರಣದ ಬಗ್ಗೆ. ಟ್ರಾಟ್‌ಮನ್‌ನನ್ನು ಕಾಡುವ ನೆನಪೆಂದು ಚಿತ್ರ ಒಂದು ದೃಶ್ಯವನ್ನು ಮರಳಿ ಮರಳಿ ತರುತ್ತದೆ. ಉಕ್ರೇನಿನಲ್ಲಿ ಚೆಂಡು ಹಿಡಿದ ಪುಟ್ಟ ಹುಡುಗನೊಬ್ಬನನ್ನು ಇನ್ನೊಬ್ಬ ಸೈನಿಕ ಕೊಲ್ಲುತ್ತಾನೆ, ಇವನು ತಡೆಯುವುದಿಲ್ಲ. ದೃಶ್ಯ ಮನ ಕಲಕುತ್ತದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಕ್ಯಾಟ್ರಿನ್ ಕ್ಲೇ ಬರೆದ ಜೀವನಚರಿತ್ರೆಯಲ್ಲಿರುವ ಸಂಗತಿ ಬೇರೆ. ಪೂರ್ವರಂಗದ ಕಾಡೊಂದರಲ್ಲಿ ಜನರನ್ನು ಗುಂಪುಗುಂಪಾಗಿ ಗುಂಡಿಟ್ಟು ಕೊಲ್ಲುತ್ತಿದ್ದುದನ್ನು ಟ್ರಾಟ್‌ಮನ್ ಮರೆಯಲ್ಲಿದ್ದು ಕಂಡಿದ್ದ. ವ್ಯವಸ್ಥೆಯೊಂದು ಯೋಜನೆ ಹಾಕಿ ನಡೆಸಿದ ಕಗ್ಗೊಲೆ ಅದು. ಚಿತ್ರ ಅದರ ಜಾಗದಲ್ಲಿ ಒಂದು ಮಗು, ಒಂದು ಚೆಂಡು, ಒಬ್ಬ ಕೆಟ್ಟ ಸೈನಿಕನನ್ನು ತಂದು ನಿಲ್ಲಿಸಿದೆ. ಇದರಿಂದ ಪ್ರೇಕ್ಷಕನಿಗೆ ಅನುಕೂಲವಾಗುತ್ತದೆ. ಕೊಂದವನು ಬೇರೆಯವನು, ನಮ್ಮವನು ಕೈಕಟ್ಟಿ ನಿಂತನಷ್ಟೆ, ಅದಕ್ಕಾಗಿ ಜೀವಮಾನವೆಲ್ಲ ಬೆಂದನಲ್ಲ ಎಂದು ಮನಸ್ಸು ಹಗುರ ಮಾಡಿಕೊಳ್ಳಬಹುದು. ಹತ್ತನೆಯ ವಯಸ್ಸಿನಿಂದ ನಾಜಿ ಬಾಲಕರ ದಳದ ಸಮವಸ್ತ್ರ ತೊಟ್ಟು, ಅದರ ಮಾತನ್ನೇ ಸತ್ಯವೆಂದು ನಂಬಿ ಬೆಳೆದ ತಲೆಮಾರಿನ ಕಥೆಗೆ ಈ ಚೌಕಟ್ಟಿನಲ್ಲಿ ಜಾಗವೇ ಇಲ್ಲ. ಟ್ರಾಟ್‌ಮನ್ ಮೊದಲು ಬಂದದ್ದು ಕಟ್ಟಾ ನಾಜಿಗಳೆಂದು ಗುರುತಿಸಿದವರನ್ನು ಇಡುವ ಶಿಬಿರಕ್ಕೆ. ಅಲ್ಲಿಂದ ಹೊರಬರಲು ಅವನು ದಾಟಿದ ದಾರಿಯೇ ನಿಜವಾದ ನಾಟಕ.

ಹಿಂಸೆಯ ದಾರಿ ಬಿಟ್ಟು ಹೊರಬಂದ ಅಂಗುಲಿಮಾಲನ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅವನು ಬುದ್ಧನಿಗೆ ಶರಣಾದಲ್ಲಿಗೆ ನಾವು ಸಾಮಾನ್ಯವಾಗಿ ಕಥೆ ನಿಲ್ಲಿಸಿಬಿಡುತ್ತೇವೆ. ಆದರೆ ಹಳೆಯ ಪಾಠದಲ್ಲಿ ಕಥೆ ಮುಂದುವರಿಯುತ್ತದೆ: ಭಿಕ್ಷೆಗೆ ಹೋದ ಅವನ ಮೇಲೆ ಕಲ್ಲು, ಕೋಲು ಬೀಳುತ್ತವೆ, ಅವನು ರಕ್ತ ಸುರಿಸಿಕೊಂಡು ಮರಳುತ್ತಾನೆ, ಸಹಿಸಿಕೋ ಎನ್ನುತ್ತಾನೆ ಬುದ್ಧ. ಕಲ್ಲೆಸೆದವರಿಗೂ ಕಾರಣವಿತ್ತೆಂಬ ಅರಿವು ಆ ಕಥೆಯಲ್ಲಿದೆ. ‘ದ ಕೀಪರ್’ ಕಲ್ಲೆಸೆದವರ ಬಳಿ ಅಷ್ಟು ಹೊತ್ತು ನಿಲ್ಲುವುದಿಲ್ಲ.

ನಿಲ್ಲಬೇಕಾಗಿದ್ದ ಜಾಗ 1949ರ ಮ್ಯಾಂಚೆಸ್ಟರ್. ಸಿಟಿ ಒಬ್ಬ ಜರ್ಮನ್ ಸೈನಿಕನನ್ನು ಸೇರಿಸಿಕೊಂಡ ಸುದ್ದಿ ಹಬ್ಬಿದಾಗ ಸುಮಾರು 20,000 ಮಂದಿ ಪ್ರತಿಭಟನೆಗೆ ಇಳಿದರು. ಸೀಸನ್ ಟಿಕೆಟ್ ಹಿಂತಿರುಗಿಸುವುದಾಗಿ ಹೇಳಿದವರು ಸಿಟಿಯನ್ನು ಪ್ರೀತಿಸಿದವರೇ. ಅಣ್ಣನನ್ನೋ ಮಗನನ್ನೋ ಕಳೆದುಕೊಂಡವರು ಅವರಲ್ಲಿದ್ದರು. ನಾಯಕ ಎರಿಕ್ ವೆಸ್ಟ್‌ವುಡ್ ನಾರ್ಮಂಡಿಯಲ್ಲಿ ಕಾದಿ ಬಂದವನು. ಈ ಡ್ರೆಸಿಂಗ್ ರೂಮಿನಲ್ಲಿ ಯುದ್ಧವಿಲ್ಲ ಎಂದು ಹೇಳಿ ಅವನು ಟ್ರಾಟ್‌ಮನ್‌ನನ್ನು ಬರಮಾಡಿಕೊಂಡ. ನಗರದ ಯಹೂದಿಗಳ ರಬ್ಬಿ ಅಲೆಕ್ಸಾಂಡರ್ ಆಲ್ಟ್‌ಮನ್ ಪತ್ರಿಕೆಗೆ ಬಹಿರಂಗ ಪತ್ರ ಬರೆದರು. ಒಂದು ದೇಶದ ಪಾಪವನ್ನು ಒಬ್ಬ ವ್ಯಕ್ತಿಯ ತಲೆಗೆ ಕಟ್ಟಬೇಡಿ, ಮನುಷ್ಯನನ್ನು ಅವನವನ ನಡತೆಯಿಂದ ತೂಗಿರಿ ಎಂಬುದು ಅದರ ಸಾರ.

ಆಲ್ಟ್‌ಮನ್ ಯಾರು ಎಂಬುದನ್ನು ನೆನೆದರೆ ಆ ಪತ್ರದ ತೂಕ ತಿಳಿಯುತ್ತದೆ. ಬರ್ಲಿನ್ನಿನಲ್ಲಿ ರಬ್ಬಿಯಾಗಿ, ತತ್ತ್ವಶಾಸ್ತ್ರದ ಬೋಧಕರಾಗಿ ಇದ್ದವರು 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದರು. ಹಿಂದೆ ಉಳಿದ ತಂದೆ ತಾಯಿ ಯಹೂದಿಗಳ ನರಮೇಧದಲ್ಲಿ ಕೊಲೆಯಾದರು. ಅದಾಗಿ ಐದಾರು ವರ್ಷವೂ ತುಂಬಿರದ ಹೊತ್ತಿನಲ್ಲಿ ಅವರು ಈ ಪತ್ರ ಬರೆದದ್ದು. ಟ್ರಾಟ್‌ಮನ್‌ನ ಪೂರ್ವಾಶ್ರಮದ ಕಥೆಯಲ್ಲಿ ನನಗೆ ಅತ್ಯಂತ ದೊಡ್ಡ ವ್ಯಕ್ತಿಯಾಗಿ ಕಾಣುವವರು ಇವರೇ. ಚಿತ್ರದಲ್ಲಿ ಅವರ ಮಾತು ಬರುತ್ತದೆ, ಜನರ ಮನಸ್ಸು ತಿರುಗುತ್ತದೆ, ಕಥೆ ಮುಂದೋಡುತ್ತದೆ. ಪತ್ರ ಬರೆಯಲು ಕೂತ ಆ ಮನುಷ್ಯನ ಹಿಂದಿನ ರಾತ್ರಿ ಹೇಗಿತ್ತು ಎಂದು ಊಹಿಸಲು ಸಿನಿಮಾ ಎಂಬ ಮಾಧ್ಯಮಕ್ಕಿಂತ ಒಳ್ಳೆಯದು ಇನ್ನಾವುದಿದೆ? ಆ ಅವಕಾಶವನ್ನು ಟ್ರಾಟ್‌ಮನ್ ಮತ್ತು ಮಾರ್ಗರೆಟ್‌ರ ಪ್ರೇಮಕಥೆಗೆ ಬಿಟ್ಟುಕೊಟ್ಟದ್ದು ದೊಡ್ಡ ನಷ್ಟ.

ಮನಸ್ಸುಗಳು ಒಂದೇ ದಿನಕ್ಕೆ ತಿರುಗಲೂ ಇಲ್ಲ. 1950ರ ಜನವರಿಯಲ್ಲಿ ಲಂಡನ್ನಿನಲ್ಲಿ ಫುಲ್‌ಹ್ಯಾಮ್ ವಿರುದ್ಧ ಆಡಲು ಹೋದಾಗ ಗ್ಯಾಲರಿಗಳಿಂದ ನಾಜಿ ಎಂಬ ಕೂಗು ಎದ್ದಿತು. ಸಿಟಿ 0-1ರಿಂದ ಸೋತಿತು. ಆದರೆ ಟ್ರಾಟ್‌ಮನ್ ತಡೆದ ಹೊಡೆತಗಳನ್ನು ಕಂಡ ಅದೇ ಪ್ರೇಕ್ಷಕರು ಕೊನೆಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಎರಡೂ ತಂಡದವರು ಸಾಲುಗಟ್ಟಿ ಅವನನ್ನು ಕಳಿಸಿಕೊಟ್ಟರು. ಆ ಋತುವಿನ ಕೊನೆಗೆ ಸಿಟಿ ಕೆಳಗಿನ ವಿಭಾಗಕ್ಕೆ ಇಳಿಯಿತು ಎಂಬುದನ್ನೂ ನೆನಪಿಡಬೇಕು. ಗೆಲುವು ತಂದುಕೊಟ್ಟದ್ದಕ್ಕೆ ಜನ ಅವನನ್ನು ಒಪ್ಪಿದರೆಂಬ ಸರಳ ಲೆಕ್ಕ ಇಲ್ಲಿ ಕೂಡುವುದಿಲ್ಲ.

ಇಂದಿನ ಸಿಟಿ ಅಭಿಮಾನಿಗೆ ಈ ಚಿತ್ರ ಏಕೆ ಹತ್ತಿರವಾಗುತ್ತದೆ ಎಂದು ಯೋಚಿಸಬೇಕು. 2008ರಲ್ಲಿ ಅಬುಧಾಬಿಯ ಒಡೆತನಕ್ಕೆ ಬಂದ ಮೇಲೆ ಕ್ಲಬ್ಬಿನ ಹಣವೂ ಕಪ್ಪುಗಳೂ ಬೆಳೆದವು. ಹಳೆಯ ಮೇನ್ ರೋಡ್ ಮೈದಾನವನ್ನು ಬಿಟ್ಟು ಆಗಲೇ ಐದು ವರ್ಷಗಳಾಗಿದ್ದವು. ನಮ್ಮ ಬೇರು ಕೆಸರಿನ ಮೈದಾನದಲ್ಲಿ, ದಿನಸಿ ಅಂಗಡಿಯ ಓಣಿಯಲ್ಲಿ ಇದೆ ಎಂದು ಹೇಳಿಕೊಳ್ಳಲು ಟ್ರಾಟ್‌ಮನ್‌ನಂಥವನ ಎಳವೆ ಬೇಕಾಗುತ್ತದೆ. ಈ ಹಂಬಲ ಸಹಜ, ಗೌರವಕ್ಕೆ ಅರ್ಹವಾದದ್ದು. ಆದರೆ ಆರಂಭದ ದಿನಗಳ ಮೇಲೆ ಅಭಿಮಾನಿಗಳು ಹೂಡುವ ಹಕ್ಕು ಬೇಗ ಮುನಿಸಿಗೂ ತಿರುಗುತ್ತದೆ. ಸ್ವೀಡನ್ನಿನ ಮಾಲ್ಮೊದಲ್ಲಿ ಹಾಗಾಯಿತು. ಊರಿನ ಮಗ ಜ್ಲಾಟಾನ್ ಇಬ್ರಾಹಿಮೊವಿಚ್ ಸ್ಟಾಕ್‌ಹೋಮಿನ ಹಮ್ಮರ್‌ಬಿ ಕ್ಲಬ್ಬಿನಲ್ಲಿ ಪಾಲು ಕೊಂಡನೆಂದು ತಿಳಿದ ಮೇಲೆ ಅವನ ಕಂಚಿನ ಪ್ರತಿಮೆಯೇ ಉರುಳಿಬಿತ್ತು. ಅವನ ಹುಡುಗತನದ ಚಿತ್ರ ತೆರೆಕಂಡದ್ದು ಆಮೇಲೆ, 2022ರಲ್ಲಿ. ಮ್ಯಾಂಚೆಸ್ಟರಿನಲ್ಲಿ ನಡೆದದ್ದು ಇದರ ತಿರುವುಮುರುವು: ಸಿಟ್ಟು ಮೊದಲು, ಪ್ರೀತಿ ನಂತರ. 545 ಪಂದ್ಯಗಳಾದ ಮೇಲೆ, 1964ರ ಏಪ್ರಿಲಿನಲ್ಲಿ ನಡೆದ ಬೀಳ್ಕೊಡುಗೆ ಪಂದ್ಯಕ್ಕೆ ಸುಮಾರು 47,000 ಜನ ಬಂದರು. ಕೊನೆಯ ಸೀಟಿಯ ನಂತರ ಮೈದಾನಕ್ಕೆ ನುಗ್ಗಿ ಗೋಲುಕಂಬಗಳನ್ನೇ ಕಿತ್ತರು.

ಚಿತ್ರದ ಕೊನೆಯ ಭಾಗವನ್ನು ನಾನು ಒಪ್ಪಲಾರೆ. ಫೈನಲ್ ಕಳೆದ ಕೆಲವೇ ವಾರಗಳಲ್ಲಿ ಟ್ರಾಟ್‌ಮನ್ ದಂಪತಿಯ ಐದು ವರ್ಷದ ಮಗ ಜಾನ್ ಕಾರು ಬಡಿದು ತೀರಿಕೊಂಡ. ಇದು ನಡೆದ ಸಂಗತಿ. ಚಿತ್ರ ಈ ಸಾವನ್ನು ಉಕ್ರೇನಿನ ಹುಡುಗನ ಸಾವಿನೊಂದಿಗೆ ಜೋಡಿಸಿ, ತಂದೆಯ ಬಾಯಲ್ಲಿ ಅದನ್ನು ಶಿಕ್ಷೆಯಾಗಿಸುತ್ತದೆ. ಮಗನನ್ನು ಕಳೆದುಕೊಂಡ ತಂದೆಗೆ ಹಾಗನ್ನಿಸುವುದು ಸಾಧ್ಯ. ಆದರೆ ಕಥೆಯೇ ಆ ಲೆಕ್ಕವನ್ನು ಹೊಂದಿಸಿಕೊಟ್ಟಾಗ, ಆ ಕಡೆಯ ಮಗುವಿನ ಸಾವು ಈ ಕಡೆಯ ನಾಯಕನ ದುಃಖಕ್ಕೆ ಪೀಠಿಕೆಯಾಗಿಬಿಡುತ್ತದೆ. ಉಕ್ರೇನಿನ ಹುಡುಗನಿಗೆ ಹೆಸರಿಲ್ಲ, ಮನೆಯಿಲ್ಲ, ಅವನಿಗಾಗಿ ಅತ್ತವರೂ ಇಲ್ಲ. ಮಾರ್ಗರೆಟ್‌ಗಿಂತ ಮೊದಲಿನ ಸಂಬಂಧವೊಂದರಲ್ಲಿ ಟ್ರಾಟ್‌ಮನ್‌ಗೆ ಹುಟ್ಟಿದ ಮಗಳೂ ಚಿತ್ರದಲ್ಲಿಲ್ಲ. ತಾಯಿಯನ್ನೂ ಕೂಸನ್ನೂ ಅವನು ಬಿಟ್ಟುಹೋಗಿದ್ದ. ತಂದೆ ಮಗಳು ಎದುರಾಗಲು ದಶಕಗಳೇ ಬೇಕಾದವು. ಅವಳನ್ನು ಸೇರಿಸಿಕೊಂಡಿದ್ದರೆ ನಾಯಕನ ಮೇಲಿನ ಪ್ರೀತಿ ಕಡಿಮೆಯಾಗುತ್ತಿತ್ತೆಂದು ನಿರ್ಮಾಪಕರು ಅಂಜಿರಬಹುದು. ಯುದ್ಧದ ಶತ್ರುವನ್ನೇ ಮನೆಯವನನ್ನಾಗಿ ಮಾಡಿಕೊಂಡ ಅಭಿಮಾನಿಗಳು ಅದನ್ನೂ ತಾಳಿಕೊಳ್ಳುತ್ತಿದ್ದರು ಎಂದೇ ನನ್ನ ನಂಬಿಕೆ.