ಎಂಟು ಹಾಡು, ಎರಡು ಶರೀಫರ ಪದ

‘ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡದ ಮೊದಲ ಆಲ್ಬಂ ‘ಅಂತರಾಗ್ನಿ’ ಬಂದದ್ದು 2008ರಲ್ಲಿ. ಕನ್ನಡದವನೊಬ್ಬ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರ್ ಹಿಡಿದು ಹಾಡಿದ ಈ ಆಲ್ಬಮನ್ನು ಹೊರತಂದದ್ದು ಮುಂಬೈನ ಸಂಗೀತ ನಿರ್ದೇಶಕರ ಜೋಡಿ ವಿಶಾಲ್-ಶೇಖರ್. ನಾನು ಈ ತಂಡದ ಕಟ್ಟಾ ಅಭಿಮಾನಿ. ಇಷ್ಟು ವರ್ಷ ಕೇಳಿದ ಮೇಲೂ ಆಲ್ಬಂ ಮೇಲಿನ ಪ್ರೀತಿ ತಗ್ಗಿಲ್ಲ, ಅದರ ಬಗೆಗಿನ ತಕರಾರೂ ತಗ್ಗಿಲ್ಲ.

ಇರುವುದು ಎಂಟು ಹಾಡು: ನಾಲ್ಕು ಹಿಂದಿ, ಎರಡು ಇಂಗ್ಲಿಷ್, ಎರಡು ಕನ್ನಡ. ಈ ಕಲಬೆರಕೆಯೇ ಆಲ್ಬಮನ್ನು ಕೆಡಿಸಿತು ಎನ್ನುವವರಿದ್ದಾರೆ. ಗುಡಿಬಂಡೆ ಕಡೆಯವನಾಗಿ ನಾನದನ್ನು ಒಪ್ಪಲಾರೆ. ಆಂಧ್ರದ ಮಡಕಶಿರಾ ಸೀಮೆಯ ನಮಗೆ ಮನೆಯಲ್ಲಿ ಕನ್ನಡ, ಮಂಡಲ ಆಫೀಸಿನಲ್ಲಿ ತೆಲುಗು. ಭಜನೆಗೆ ಕೂತರೆ ಕೈವಾರ ತಾತಯ್ಯನವರ ತೆಲುಗು ಪದವಾದ ಮೇಲೆ ಕನ್ನಡದ ತತ್ವಪದ ಎತ್ತಿಕೊಂಡರೂ ತಾಳ ಹಾಕುವವನ ಕೈ ತಡವರಿಸುವುದಿಲ್ಲ. ಭಾಷೆ ಬದಲಾದದ್ದು ‘ಅಂತರಾಗ್ನಿ’ಯ ದೋಷವಲ್ಲ. ಭಾಷೆಯ ಜೊತೆಗೆ ಮಾತಿನ ತೂಕವೂ ಬದಲಾಗುತ್ತದಲ್ಲ, ಏರುಪೇರು ಇರುವುದು ಅಲ್ಲಿ.

ಕನ್ನಡದ ಎರಡೂ ಪದ ಶಿಶುನಾಳ ಶರೀಫರವು: ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರನ್ನು ನಮ್ಮ ತಲೆಮಾರಿನ ಕಿವಿಗೆ ತಲುಪಿಸಿದವರು ಸಿ. ಅಶ್ವಥ್. ಆ ಕಂಚಿನ ಕಂಠವನ್ನು ಕೇಳಿದವರಿಗೆ ಶರೀಫರೆಂದರೆ ಅದೇ ಧಾಟಿ ಎಂಬಂತಾಗಿತ್ತು. ‘ಅಂತರಾಗ್ನಿ’ ಬಂದಾಗ ಅಶ್ವಥ್ ಇನ್ನೂ ನಮ್ಮ ನಡುವೆ ಇದ್ದರು. ಅವರು ಹೋದದ್ದು 2009ರ ಡಿಸೆಂಬರ್‌ನಲ್ಲಿ. ಅವರಿರುವಾಗಲೇ ಅದೇ ಪದಗಳಿಗೆ ಬೇರೆ ಧಾಟಿ ಕಟ್ಟಲು ಎದೆಗಾರಿಕೆ ಬೇಕು. ರಘು ಅಶ್ವಥ್‌ರ ನೆರಳಿಗೆ ಹೋಗಲಿಲ್ಲ, ಅವರನ್ನು ಮೀರಿಸುವ ಹಟಕ್ಕೂ ಬೀಳಲಿಲ್ಲ. ಗುಡುಗುಡಿಯ ಪದದಲ್ಲಿ ಈ ದೇಹವೇ ಸೇದುವ ಸಾಧನ. ಅದರ ಗಮ್ಮತ್ತನ್ನೂ ಒಳಗಿನ ಎಚ್ಚರವನ್ನೂ ಆ ದಪ್ಪ, ತುಸು ಒರಟು ದನಿ ಒಟ್ಟಿಗೇ ಹಿಡಿಯುತ್ತದೆ. ಗಿಟಾರ್, ಬೇಸ್, ಡ್ರಮ್ಸ್ ಎಲ್ಲ ಇದ್ದರೂ ಪದ ಎಲ್ಲೂ ಮುಳುಗುವುದಿಲ್ಲ. ತತ್ವಪದಕ್ಕೆ ಬೇಕಾದದ್ದು ಅದೇ. ಪಲ್ಲವಿ ಮರಳಿ ಬಂದಷ್ಟೂ ಅರ್ಥ ಇನ್ನೊಂದು ಮೆಟ್ಟಿಲು ಇಳಿಯಬೇಕು. ಸೋರುವ ಮಾಳಿಗೆಯ ಪದದಲ್ಲಿ ಅಜ್ಞಾನದಿಂದ ಹಾಳಾಗುತ್ತಿರುವ ಮನೆಯ ಕಳವಳವಿದೆ. ರಾಕ್ ಸಂಗೀತದ ಆರ್ಭಟ ಅದಕ್ಕೆ ಹೇಳಿಮಾಡಿಸಿದಂತಿದೆ.

ಇವೆರಡರ ಪಕ್ಕದಲ್ಲಿ ಇಂಗ್ಲಿಷ್ ಹಾಡುಗಳನ್ನು ಇಟ್ಟರೆ ಅವು ಸೊರಗಿ ಕಾಣುತ್ತವೆ. ‘ನೋ ಮ್ಯಾನ್ ವಿಲ್ ಎವರ್ ಲವ್ ಯೂ ಲೈಕ್ ಐ ಡೂ’ ಹಾಡಿಗೆ ರಾಗವಿದೆ, ಮನಸ್ಸಿದೆ. ಆದರೆ ಶೀರ್ಷಿಕೆಯಲ್ಲಿ ಹೇಳಿದ್ದನ್ನು ಬಿಟ್ಟು ಹೆಚ್ಚೇನನ್ನೂ ಅದು ಹೇಳುವುದಿಲ್ಲ. ಮುಂಬೈಯಲ್ಲಿ ಪವಾಡಕ್ಕೆ ಕಾಯುವವನ ಹಾಡು ಅದಕ್ಕಿಂತ ವಾಸಿ. ಅವಕಾಶ ಹುಡುಕಿ ಊರು ಬಿಟ್ಟವನ ನಿಜವಾದ ದಣಿವು ಅದರಲ್ಲಿದೆ.

ಹಿಂದಿಯಲ್ಲಿ ‘ಹೇ ಭಗವಾನ್’ ಮೈಯೆಲ್ಲ ಕುಣಿಸುತ್ತದೆ, ಇನ್ನೊಂದು ಬದುಕು ಕೊಡೆಂದು ದೇವರನ್ನು ಕೇಳುವ ಅದರ ಸಡಗರ ಸುಳ್ಳಲ್ಲ. ‘ಮೈಸೂರ್ ಸೆ ಆಯೀ’ ಮೊದಲ ಸಲಕ್ಕೆ ಸೊಗಸು, ಆಮೇಲೆ ಬೇಗ ಹಳತಾಗುತ್ತದೆ. ‘ಹರ್ ಸಾಂಸ್ ಮೇ’ ನನ್ನ ಮನಸ್ಸಿನಲ್ಲಿ ನಿಂತಿಲ್ಲ. ನಾಲ್ಕರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ‘ಖಿಡ್ಕಿ’. ಅಲ್ಲಿ ರಘು ಗಟ್ಟಿಸುವುದನ್ನು ಬಿಟ್ಟು ಮೆತ್ತಗೆ ಹಾಡುತ್ತಾರೆ, ಆ ಕಂಠದಲ್ಲಿ ಅಷ್ಟು ನಯವೂ ಇದೆಯೆಂದು ತಿಳಿಯುವುದು ಆಗ.

ಇಷ್ಟಾದ ಮೇಲೂ ಶರೀಫರ ಎರಡು ಪದಗಳೇ ಆಲ್ಬಮಿನ ಬೆನ್ನೆಲುಬು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ತಂಡಕ್ಕೂ ಹಾಗೆಯೇ ಅನ್ನಿಸಿತ್ತೇನೋ. 2013ರ ‘ಜಗ್ ಚಂಗಾ’ದಲ್ಲಿ ‘ಲೋಕದ ಕಾಳಜಿ’ ಮತ್ತು ‘ಕೋಡಗನ ಕೋಳಿ ನುಂಗಿತ್ತ’ ಎಂದು ಶರೀಫರ ಇನ್ನೆರಡು ಪದಗಳನ್ನು ಎತ್ತಿಕೊಂಡರು. ಕನ್ನಡ ಗೊತ್ತಿಲ್ಲದ ಊರುಗಳ ವೇದಿಕೆಯಲ್ಲೂ ಶರೀಫರನ್ನು ಹಾಡಿದ ತಂಡ ಇದು. ಹಾಗಿರುವಾಗ ಮೊದಲ ಆಲ್ಬಮಿನಲ್ಲೇ ಕನ್ನಡಕ್ಕೆ ಕಾಲು ಪಾಲಷ್ಟೇ ಸಿಕ್ಕಿತಲ್ಲ ಎಂಬ ಕೊರಗು ನನ್ನದು. ಎಂಟರಲ್ಲಿ ನಾಲ್ಕಾದರೂ ಇರಬೇಕಿತ್ತು.

ಈವರೆಗೆ ‘ಅಂತರಾಗ್ನಿ’ ಕೇಳದವರು ಅದು ಇಟ್ಟ ಅನುಕ್ರಮವನ್ನು ಬದಿಗಿಡಿ. ಮೊದಲು ಗುಡುಗುಡಿಯ ಪದ, ಆಮೇಲೆ ಮಾಳಿಗೆಯ ಪದ, ಅದಾದ ಮೇಲೆ ‘ಖಿಡ್ಕಿ’ ಕೇಳಿ. ಉಳಿದ ಐದನ್ನು ನಿಮ್ಮ ಪುರುಸೊತ್ತು ನೋಡಿಕೊಂಡು ಕೇಳಬಹುದು.